ಇಜಿಟಿ ಮೀಟರ್ + ವೈಡ್‌ಬ್ಯಾಂಡ್ ಸೆನ್ಸರ್: ಮೂರು ವರ್ಷ ಬಳಸಿದ ಮೇಲೆ

ನನ್ನ ಟರ್ಬೊ ಪೆಟ್ರೋಲ್ ಕಾರಿಗೆ ಎಕ್ಸಾಸ್ಟ್ ಎಷ್ಟು ಬಿಸಿ ಅಂತ ತೋರ್ಸೋ ಇಜಿಟಿ ಮೀಟರ್ರು, ಜೊತೆಗೆ ಪೆಟ್ರೋಲ್-ಗಾಳಿ ಮಿಶ್ರಣ ಹೆಂಗಿದೆ ಅಂತ ಹೇಳೋ ವೈಡ್‌ಬ್ಯಾಂಡ್ ಸೆನ್ಸರ್ರು ಎರಡೂ ಹಾಕಿ ಮೂರು ವರ್ಷ ಆಯ್ತು, ಈಗ ಬರೀಬಹುದು ಅನ್ಸ್ತು.

ಫಿಟ್ಟಿಂಗ್ ದಿನವೇ ಎಡವಿದೆ. ಎಕ್ಸಾಸ್ಟ್ ಒಳಗೆ ಕೂರೋ ಪ್ರೋಬು ಕೆ ಟೈಪ್ ಥರ್ಮೋಕಪಲ್ (ಎರಡು ಬೇರೆ ಬೇರೆ ಲೋಹದ ವೈರಿಂದ ಬಿಸಿ ಅಳೆಯೋದು), ಒಂದು ವೈರ್ ಹಳದಿ ಒಂದು ಕೆಂಪು. ಕೆಂಪು ಅಂದ್ರೆ ಪ್ಲಸ್ಸೇ ಅನ್ಕೊಂಡು ಕೊಟ್ಟೆ, ಎಂಜಿನ್ ಬಿಸಿಯಾದಂಗೆಲ್ಲಾ ರೀಡಿಂಗು ಇಳೀತಾ ಹೋಯ್ತು! ಈ ಜೋಡೀಲಿ ಕೆಂಪೇ ಮೈನಸ್ಸು. ವೈರ್ ಸಾಲ್ದಿದ್ರೆ ಸಾದಾ ತಾಮ್ರದ ವೈರ್ ಜೋಡಿಸ್ಬೇಡಿ, ಜಾಯಿಂಟು ಬಾನೆಟ್ ಒಳಗೆ ಬಿಸೀಲಿದ್ರೆ ನಿಜಕ್ಕಿಂತ ಕಮ್ಮಿ ತೋರ್ಸತ್ತೆ, ಕೆ ಟೈಪ್ ವೈರೇ ಹಾಕಿ.

ಅಸಲಿ ವಿಷಯಕ್ಕೆ ಬರ್ತೀನಿ. ಏರಲ್ಲಿ ಫುಲ್ ಆಕ್ಸಿಲರೇಟರ್ ಕೊಟ್ರೆ 930 ಡಿಗ್ರಿ ಹೋಗ್ತಿತ್ತು. ಬಿಸಿ ಜಾಸ್ತಿ ಅಂದ್ರೆ ಲೀನ್ (ಗಾಳಿಗೆ ಪೆಟ್ರೋಲ್ ಕಮ್ಮಿ) ಓಡ್ತಿದೆ, ಪೆಟ್ರೋಲ್ ಕೊಡು ಅಂತಾರಲ್ಲ, ಕೊಟ್ಟೆ. ವೈಡ್‌ಬ್ಯಾಂಡ್ ತೋರ್ಸೋ ಲ್ಯಾಂಬ್ಡಾ (1 ಅಂದ್ರೆ ಸರಿ ಮಿಶ್ರಣ, ಅದಕ್ಕಿಂತ ಕಮ್ಮಿ ಅಂದ್ರೆ ರಿಚ್ಚು, ಪೆಟ್ರೋಲ್ ಜಾಸ್ತಿ) 0.80 ಇದ್ದಿದ್ದು 0.74ಕ್ಕೆ ಬಂತು, ಬಿಸಿ ಇಳಿದಿದ್ದು ಬರೀ 20 ಡಿಗ್ರಿ, ಪ್ಲಗ್ ಬಿಚ್ಚಿದ್ರೆ ಕೈಗೆಲ್ಲಾ ಮಸಿ. ಆಗ ಹೊಳೀತು, 0.80 ಅಂದ್ರೆ ಮೊದಲೇ ರಿಚ್ಚಾಗಿದೆ, ತೊಂದರೆ ಇರೋದು ಟೈಮಿಂಗಲ್ಲಿ, ಅಂದ್ರೆ ಸ್ಪಾರ್ಕ್ ಯಾವಾಗ ಬೀಳತ್ತೆ ಅನ್ನೋದ್ರಲ್ಲಿ. ಸ್ಪಾರ್ಕ್ ತಡವಾದ್ರೆ ಉರಿ ಪೂರ್ತಿ ಆಗೋದ್ರೊಳಗೆ ಎಕ್ಸಾಸ್ಟ್ ವಾಲ್ವ್ ತೆರ್ಕೊಳತ್ತೆ, ಪಿಸ್ಟನ್ ತಳ್ಳಬೇಕಾದ ಶಾಖ ಮ್ಯಾನಿಫೋಲ್ಡ್ (ಎಂಜಿನ್ನಿಂದ ಎಕ್ಸಾಸ್ಟ್ ಹೊರಗೆ ತರೋ ಪೈಪು) ಕಾಯಿಸತ್ತೆ. ನಾಕಿಂಗ್ (ಪೆಟ್ರೋಲ್ ತಾನಾಗೇ ಸಿಡಿದು ಬರೋ ಟಕಟಕ ಸದ್ದು) ಬರತ್ತಾ ಅಂತ ಕೇಳ್ಕೊಂಡು ಸ್ಪಾರ್ಕನ್ನ ಒಂದೊಂದೇ ಡಿಗ್ರಿ (ಕ್ರ್ಯಾಂಕ್ ತಿರುಗೋ ಕೋನದ್ದು, ಬಿಸೀದಲ್ಲ) ಅಡ್ವಾನ್ಸ್, ಅಂದ್ರೆ ಬೇಗ ಬೀಳೋ ಹಂಗೆ ಮಾಡ್ದೆ, ಒಟ್ಟು ಮೂರು, ಪೆಟ್ರೋಲನ್ನ 0.80ಕ್ಕೇ ವಾಪಸ್ ತಂದೆ. ಈಗ ಅದೇ ಏರಲ್ಲಿ 880, ಪುಲ್ಲಿಂಗೂ ಎಷ್ಟೋ ಚೆನ್ನಾಗಿದೆ.

ಹಂಗಂತ ಬಿಸಿ ಕಮ್ಮಿ ಇದೆ, ಎಂಜಿನ್ ಸೇಫ್ ಅಂತ ದಯವಿಟ್ಟು ಅನ್ಕೋಬೇಡಿ. ಟೈಮಿಂಗ್ ಅತಿಯಾಗಿ ಅಡ್ವಾನ್ಸ್ ಆದ್ರೂ ಇಜಿಟಿ ಇಳಿಯತ್ತೆ, ಅಲ್ಲಿ ನಾಕಿಂಗಲ್ಲಿ ಪಿಸ್ಟನ್ನೇ ಹೋಗತ್ತೆ. ವೈಡ್‌ಬ್ಯಾಂಡನ್ನೂ ಕಣ್ಮುಚ್ಚಿ ನಂಬೋ ಹಂಗಿಲ್ಲ. ಅದು ನೋಡೋದು ಆಮ್ಲಜನಕ, ಹಂಗಾಗಿ ಮಿಸ್‌ಫೈರ್ ಆದ್ರೆ ಉರೀದೆ ಉಳಿದ ಗಾಳಿ ನೋಡಿ ಲೀನ್ ಅನ್ನತ್ತೆ, ನನ್ನ ಗಾಡೀಲಿ ಎಕ್ಸಾಸ್ಟ್ ಗ್ಯಾಸ್ಕೆಟ್ ಲೀಕಾಗಿ ಹೊರಗಿನ ಗಾಳಿ ಸೇರ್ದಾಗಲೂ ಹಂಗೇ ಅಂತು.

ಬಿಸಿಲಲ್ಲಿ ಡಿಸ್‌ಪ್ಲೇ ಸರಿಯಾಗಿ ಕಾಣಲ್ಲ, ಅದೊಂದು ಬೇಜಾರು. ತುದಿ ತೆರೆದಿರೋ ಪ್ರೋಬು ಎರಡನೇ ವರ್ಷಕ್ಕೆ ಸುಟ್ಟೋಯ್ತು, ಈಗ ತುದಿ ಮುಚ್ಚಿರೋದು ಹಾಕಿದೀನಿ, ಸ್ವಲ್ಪ ನಿಧಾನ ಆದ್ರೆ ಗಟ್ಟಿ. ಹಾಕೋರು ಟರ್ಬೊಗಿಂತ ಮುಂಚೆನೇ ಹಾಕಿ, ಟರ್ಬೊ ಆದ್ಮೇಲೆ ಹಾಕಿದ್ರೆ ನೂರಾರು ಡಿಗ್ರಿ ಕಮ್ಮಿ ಬರಬಹುದು. ಆಮೇಲೆ ಮ್ಯಾನಿಫೋಲ್ಡ್ ಬಿಚ್ಚಿ ಕೆಳಗಿಟ್ಟೇ ತೂತು ಕೊರೀರಿ, ಕಬ್ಬಿಣದ ಒಂದು ಚೂರು ಟರ್ಬೊ ಒಳಗೆ ಹೋದ್ರೂ ಬ್ಲೇಡ್ ಉಳಿಯಲ್ಲ.