ಟೈಪ್‌ರೈಟರ್ ಬೋಲ್ಡ್ ಬೇಕೆ? ಕೊರಿಯರ್ ಅಥವಾ ಅಮೆರಿಕನ್ ಟೈಪ್‌ರೈಟರ್

ಇವೆರಡೂ ಟೈಪ್‌ರೈಟರ್ ಬರಹದಂತೆ ಕಾಣುವ ಇಂಗ್ಲಿಷ್ ಫಾಂಟ್‌ಗಳು, ಬೋಲ್ಡ್ ಅಂದರೆ ಅವುಗಳ ದಪ್ಪ ರೂಪ. ಎರಡಕ್ಕೂ ಅಕ್ಷರದ ತುದಿಯಲ್ಲಿ ಹಲಗೆಯಂಥ ದಪ್ಪ ಪಾದ, ಅಂದರೆ ಸ್ಲ್ಯಾಬ್ ಸೆರಿಫ್. ದೂರದಿಂದ ಅಣ್ಣ ತಮ್ಮ ಅನ್ನಿಸುತ್ತವೆ. ಸ್ವಭಾವ ಮಾತ್ರ ಬೇರೆ.

ಕೊರಿಯರ್ ಅನ್ನು 1950ರ ದಶಕದಲ್ಲಿ ಹೊವಾರ್ಡ್ ಕೆಟ್ಲರ್ ಐಬಿಎಂ ಟೈಪ್‌ರೈಟರ್‌ಗೆಂದೇ ರೂಪಿಸಿದ್ದು. ಇಲ್ಲಿ ‘ಐ’ಗೂ ‘ಎಂ’ಗೂ ಒಂದೇ ಅಗಲ. ಬಡಕಲು ‘ಐ’ ಜಾಗ ತುಂಬಿಸಲು ಪಾದ ಚಾಚಿ ಕೂರುತ್ತದೆ. ‘ಎಂ’ ಪಾಪ, ಮೂರು ಕಾಲನ್ನೂ ಒತ್ತಿಕೊಂಡು ನಿಲ್ಲುತ್ತದೆ. ಬೋಲ್ಡ್ ಮಾಡಿ, ಗಾತ್ರ ಇಳಿಸಿ ನೋಡಿ: ಆ ಕಾಲುಗಳ ನಡುವಿನ ಬಿಳಿ ಮುಚ್ಚಿಹೋಗುತ್ತದೆ. ಆದರೆ ಕೋಡ್, ಅಂಕಿಗಳ ಪಟ್ಟಿಯಂಥ ಕಡೆ, ಅಕ್ಷರದ ಕೆಳಗೆ ಅಕ್ಷರ ಸರಿಯಾಗಿ ಕೂರಬೇಕಾದಲ್ಲಿ, ಇದೇ ಸರಿ. 12 ಪಾಯಿಂಟ್ ಕೊರಿಯರ್‌ನ ಒಂದು ಪುಟ ಚಿತ್ರಕಥೆ ಅಂದರೆ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬ ಅಂದಾಜು ಹಾಲಿವುಡ್‌ನಲ್ಲಿ ಇಂದಿಗೂ ನಡೆಯುತ್ತದೆ.

ಅಮೆರಿಕನ್ ಟೈಪ್‌ರೈಟರ್ 1974ರದ್ದು, ಜೋಯಲ್ ಕೇಡನ್ ಮತ್ತು ಟೋನಿ ಸ್ಟ್ಯಾನ್ ಅವರ ವಿನ್ಯಾಸ. ಹೆಸರಿಗಷ್ಟೇ ಟೈಪ್‌ರೈಟರ್, ಪ್ರತಿ ಅಕ್ಷರಕ್ಕೂ ಅದರದೇ ಅಗಲ, ತುದಿಗಳು ದುಂಡಗೆ. ಹಾಗಾಗಿ ಬೋಲ್ಡ್ ಆದರೂ ಉಸಿರು ಕಟ್ಟುವುದಿಲ್ಲ. ವಿನ್ಯಾಸಕ ಮಿಲ್ಟನ್ ಗ್ಲೇಸರ್ ನ್ಯೂಯಾರ್ಕ್‌ಗೆ ಮಾಡಿಕೊಟ್ಟ ಕೆಂಪು ಹೃದಯದ ಲೋಗೊದಲ್ಲಿರುವುದು ಇದೇ. ಪೋಸ್ಟರ್, ಪುಸ್ತಕದ ಮುಖಪುಟ, ಲೇಬಲ್ಲಿಗೆ ನನ್ನ ಮತ ಇದಕ್ಕೆ. ಉದ್ದ ಪ್ಯಾರಾಕ್ಕೆ ಮಾತ್ರ ಬೇಡ, ನಾಲ್ಕು ಸಾಲಿಗೇ ಕಣ್ಣು ಸೋಲುತ್ತದೆ.

ಹಳೆಯ ಕಡತದ ಕಳೆ ಬೇಕಿದ್ದರೆ ಕೊರಿಯರ್. ಶಾಯಿ ಮೆತ್ತಿದಂತೆ ಕಾಣುವ ಫಾಂಟ್‌ಗಳೂ ಸಿಗುತ್ತವೆ, ಆದರೆ ಕೆಲವದರಲ್ಲಿ ಪ್ರತಿ ‘ಇ’ಗೂ ಅದೇ ಜಾಗದಲ್ಲಿ ಅದೇ ಕಲೆ!