ಕೆನ್ನೆಗೆ ಕರೆಂಟ್ ಹೊಡೆದ ಹಾಗಾಗುತ್ತಿದ್ದರೆ ಹಲ್ಲು ಕೀಳಿಸಲು ಅವಸರ ಮಾಡಬೇಡಿ

ಕೆನ್ನೆಯಲ್ಲಿ ಕರೆಂಟ್ ಹೊಡೆದ ಹಾಗೆ ನೋವು ಬಂದು ಹೋಗುತ್ತಿದೆಯಾ? ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ ಹಲ್ಲು ತೆಗೆಸೋಣ ಅಂತ ದಿನ ಗೊತ್ತು ಮಾಡಿದ್ದೀರಾ? ದಯವಿಟ್ಟು ಅದನ್ನು ಸ್ವಲ್ಪ ಮುಂದಕ್ಕೆ ಹಾಕಿ. ಬಾವು, ಕೀವು, ಜ್ವರ ಇದ್ದರೆ ಬೇರೆ ಮಾತು, ಅದಕ್ಕೆ ಒಂದು ದಿನವೂ ತಡ ಮಾಡಬಾರದು. ಆದರೆ ಅದ್ಯಾವುದೂ ಇಲ್ಲದೆ ಬರೀ ಈ ಹೊಡೆತ ಮಾತ್ರ ಇದ್ದರೆ ನನಗಾದದ್ದನ್ನು ಮೊದಲು ಓದಿ. ನಾನು ಎರಡು ದವಡೆ ಹಲ್ಲು ಕಳೆದುಕೊಂಡೆ. ನೋವು ಹಲ್ಲಿನಿಂದ ಬರುತ್ತಲೇ ಇರಲಿಲ್ಲ, ಮುಖದ ನರದಿಂದ ಬರುತ್ತಿತ್ತು.

ನಾನಿರುವುದು ಡೊಂಬಿವಲಿಯಲ್ಲಿ. ಮುಂಬಯಿ ಪಾಲಿಕೆಯ ಕನ್ನಡ ಶಾಲೆಯಲ್ಲಿ ಟೀಚರ್. ವಯಸ್ಸು 53. ಕಳೆದ ವರ್ಷ ಮೇ ರಜೆಯಲ್ಲಿ ಬಲಗಡೆಯ ಕೆಳಗಿನ ದವಡೆ ಹಲ್ಲೊಂದು ನೋಯತೊಡಗಿತು. ಅದರಲ್ಲಿ ಹುಳುಕು ಇದ್ದದ್ದು ನಿಜ, ಕನ್ನಡಿಯಲ್ಲಿ ನನಗೇ ಕಪ್ಪಗೆ ಕಾಣುತ್ತಿತ್ತು. ಬಿಸಿ ಚಹಾ ತಾಗಿದರೆ ತುಂಬ ಹೊತ್ತು ಜುಂ ಅನ್ನುತ್ತಿತ್ತು. ರಾತ್ರಿ ಮಲಗಿದರೆ ಇನ್ನೂ ಜಾಸ್ತಿ. ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿದರು. ಆ ನೋವು ಪೂರ್ತಿ ಹೋಯಿತು. ಹಲ್ಲುನೋವು ಅಂದರೆ ಹೇಗಿರುತ್ತದೆ ಅಂತ ನನಗೆ ಚೆನ್ನಾಗಿಯೇ ಗೊತ್ತಿತ್ತು ಅನ್ನುವುದಕ್ಕೆ ಇದನ್ನು ಹೇಳುತ್ತಿದ್ದೇನೆ.

ಜೂನ್‌ನಲ್ಲಿ ಶಾಲೆ ಶುರುವಾದ ವಾರ. ಬೆಳಗಿನ ಲೋಕಲ್‌ನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಥಾಣೆ ದಾಟಿದ ಮೇಲೆ ಗಾಳಿ ಕೆನ್ನೆಗೆ ಬಡಿಯಿತು, ಅಷ್ಟೇ. ಬಾಯಿಯ ಮೂಲೆಯಿಂದ ಕಿವಿಯವರೆಗೆ ಕಾದ ತಂತಿ ಎಳೆದ ಹಾಗಾಯಿತು. ಕೂಗಲೂ ಆಗಲಿಲ್ಲ, ಕಣ್ಣಲ್ಲಿ ತಾನಾಗಿ ನೀರು ಸುರಿಯಿತು. ಎಣಿಸಿದರೆ ಹತ್ತು ಸೆಕೆಂಡ್ ಇರಬಹುದು. ಆಮೇಲೆ ಏನೂ ಇಲ್ಲ. ಪಕ್ಕದಲ್ಲಿದ್ದ ಹೆಂಗಸು ನೀರಿನ ಬಾಟಲಿ ಕೊಟ್ಟಳು. ಅದನ್ನು ತುಟಿಗೆ ತಾಗಿಸಿದ ಕೂಡಲೇ ಇನ್ನೊಂದು ಹೊಡೆತ.

ಅಲ್ಲಿಂದ ಮುಂದಿನ ದಿನಗಳು ಹೇಗಿದ್ದವು ಅಂತ ಹೇಳಿದರೆ ನಂಬುವುದು ಕಷ್ಟ. ಹಲ್ಲುಜ್ಜಲು ಹೆದರಿಕೆ. ಮುಖ ತೊಳೆಯಲು ಹೆದರಿಕೆ. ಫ್ಯಾನಿನ ಕೆಳಗೆ ಕೂರುವ ಹಾಗಿಲ್ಲ. ಅನ್ನವನ್ನು ಸಾರಿನಲ್ಲಿ ಕಿವುಚಿ ಎಡಗಡೆಯಿಂದಲೇ ನುಂಗುತ್ತಿದ್ದೆ. ಎಲ್ಲಕ್ಕಿಂತ ಕಷ್ಟವಾದದ್ದು ಪಾಠ ಮಾಡುವುದು. ತುಟಿ ತುಟಿಗೆ ತಾಗುವ ಅಕ್ಷರ ಬಂದರೆ ಮುಗಿಯಿತು. ಪ, ಬ, ಮ ಅಂದರೆ ಸಾಕು, ಹೊಡೆತ. ಒಂದನೇ ಕ್ಲಾಸಿನ ಟೀಚರ್ ಈ ಅಕ್ಷರಗಳನ್ನು ಹೇಳದೆ ಇರುವುದು ಹೇಗೆ? ಬೋರ್ಡ್ ಮೇಲೆ ಬರೆದು ಕೋಲಿನಿಂದ ತೋರಿಸುತ್ತಿದ್ದೆ, ಮುಂದಿನ ಬೆಂಚಿನ ಹುಡುಗಿಯೊಬ್ಬಳು ಗಟ್ಟಿಯಾಗಿ ಓದುತ್ತಿದ್ದಳು. ಉಳಿದ ಮಕ್ಕಳು ಅವಳ ಹಿಂದೆ ಹೇಳುತ್ತಿದ್ದರು. ಟೀಚರಿಗೆ ಬಾಯಿಹುಣ್ಣು ಅಂತ ಆ ಮಕ್ಕಳು ತಿಳಿದುಕೊಂಡಿದ್ದರು.

ಮೊದಲು ರೂಟ್ ಕೆನಾಲ್ ಮಾಡಿದವರ ಹತ್ತಿರವೇ ಹೋದೆ. ಯಾರಾದರೂ ಅಲ್ಲಿಗೇ ಹೋಗುತ್ತಾರೆ, ಅಲ್ವಾ? ಕ್ಯಾಪ್ ಸ್ವಲ್ಪ ಎತ್ತರವಾಗಿದೆ ಅಂತ ಉಜ್ಜಿದರು. ಗುಣವಾಗಲಿಲ್ಲ. ಪಕ್ಕದ ಹಲ್ಲಿನ ನೋವಿರಬೇಕು ಅಂದರು. ಎಕ್ಸ್‌ರೇಯಲ್ಲಿ ಆ ಹಲ್ಲು ಚೊಕ್ಕವಾಗಿತ್ತು. ಆದರೂ ಒಳಗೆ ಏನಾದರೂ ಇರಬಹುದು ಅಂತ ಅದಕ್ಕೂ ರೂಟ್ ಕೆನಾಲ್. ಕೊನೆಗೆ ಸೆಪ್ಟೆಂಬರ್‌ನಲ್ಲಿ ಕ್ಯಾಪ್ ಸಮೇತ ಮೊದಲ ಹಲ್ಲನ್ನು ಕಿತ್ತರು. ದೀಪಾವಳಿ ಕಳೆದ ಮೇಲೆ ಎರಡನೆಯದನ್ನೂ ಕಿತ್ತರು. ಅವರು ದುಡ್ಡಿಗಾಗಿ ಹೀಗೆ ಮಾಡಿದರು ಅಂತ ನಾನು ಹೇಳುವುದಿಲ್ಲ, ಕೊನೆಯ ಸಲ ಫೀಸನ್ನೂ ತೆಗೆದುಕೊಳ್ಳಲಿಲ್ಲ. ಆದರೆ ಎಕ್ಸ್‌ರೇ ಚೊಕ್ಕ ಇರುವಾಗ ಹಲ್ಲು ಕೊರೆದದ್ದು ತಪ್ಪು. ನನಗೆ ತಿಳಿಯುತ್ತಿಲ್ಲ, ನೀವು ಬೇರೆಯವರಿಗೆ ತೋರಿಸಿ ಅನ್ನುವ ಒಂದು ಮಾತು ಬಂದಿದ್ದರೆ ಇವತ್ತು ನನ್ನ ಹಲ್ಲುಗಳು ಬಾಯಲ್ಲಿರುತ್ತಿದ್ದವು. ಈ ಸಿಟ್ಟು ನನಗೆ ಇನ್ನೂ ಇದೆ.

ನಾನು ಯಾಕೆ ಒಪ್ಪಿಕೊಂಡೆ ಅಂತ ನಮ್ಮ ಯಜಮಾನರು ಈಗಲೂ ಕೇಳುತ್ತಾರೆ. ನಾನೂ ಆ ಹಲ್ಲಿನ ಡಾಕ್ಟರೂ ಇಬ್ಬರೂ ಮೋಸಹೋಗಲು ಕಾರಣಗಳಿದ್ದವು. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಕ್ಲಿನಿಕ್‌ನಲ್ಲಿ ಜೋಮಿನ ಇಂಜೆಕ್ಷನ್ ಕೊಟ್ಟಾಗಲೆಲ್ಲ ಹೊಡೆತ ನಿಲ್ಲುತ್ತಿತ್ತು. ನೋಡಿ, ಹಲ್ಲಿನದ್ದೇ ನೋವು ಅಂತ ಅವರು ಹೇಳುತ್ತಿದ್ದರು, ನಾನೂ ಹೌದು ಅನ್ನುತ್ತಿದ್ದೆ. ಹಲ್ಲಿಗೂ ಕೆನ್ನೆಗೂ ತುಟಿಗೂ ಹೋಗುವುದು ಒಂದೇ ನರದ ಕವಲುಗಳು. ಅದನ್ನು ಮರಗಟ್ಟಿಸಿದರೆ ಹಲ್ಲುನೋವೂ ನಿಲ್ಲುತ್ತದೆ, ಈ ನೋವೂ ನಿಲ್ಲುತ್ತದೆ. ಅದರಿಂದ ಏನೂ ಸಾಬೀತಾಗುವುದಿಲ್ಲ. ಇನ್ನೊಂದು, ಮೊದಲ ಹಲ್ಲು ಕಿತ್ತ ಮೇಲೆ ಮೂರು ವಾರ ನೋವೇ ಇರಲಿಲ್ಲ. ಗಣಪತಿಗೆ ಹೇಳಿಕೊಂಡಿದ್ದ ಹರಕೆ ತೀರಿಸಿ ಬಂದೆ. ಈ ಕಾಯಿಲೆ ತಾನಾಗಿಯೇ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಸುಮ್ಮನಿದ್ದು ಮತ್ತೆ ಬರುತ್ತದೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಹಲ್ಲು ಕೀಳಿಸಿದ್ದೂ ನೋವು ನಿಂತದ್ದೂ ಒಟ್ಟಿಗೆ ಆಯಿತು, ಅಷ್ಟೇ.

ಈ ನಡುವೆ ನೋವಿನ ಮಾತ್ರೆ ದಿನಕ್ಕೆ ಮೂರು ನುಂಗುತ್ತಿದ್ದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಮೆಡಿಕಲ್‌ನವನು ಏನು ಕೊಟ್ಟರೆ ಅದು. ಕೂದಲಿನಷ್ಟೂ ಪ್ರಯೋಜನವಾಗಲಿಲ್ಲ. ಹೊಟ್ಟೆ ಕೆಟ್ಟಿತು, ರಕ್ತ ಪರೀಕ್ಷೆಯಲ್ಲಿ ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಜಾಸ್ತಿ ಬಂತು. ಇಂಥ ಮಾತ್ರೆ ತಿಂಗಳುಗಟ್ಟಲೆ ತಿಂದರೆ ಕಿಡ್ನಿಗೆ ಪೆಟ್ಟು ಬೀಳಬಹುದು. ಮಾಮೂಲಿ ನೋವಿನ ಮಾತ್ರೆಗೆ ಒಂದಿಷ್ಟೂ ಬಗ್ಗುವುದಿಲ್ಲ ಅನ್ನುವುದೇ ಈ ನೋವಿನ ಒಂದು ಗುರುತು.

ಡಿಸೆಂಬರ್‌ನಲ್ಲಿ ಮೇಲಿನ ಹಲ್ಲಿಗೂ ಕೈ ಹಾಕುವ ಮಾತು ಬಂತು. ಆ ವಾರ ಸ್ಟಾಫ್ ರೂಮಿನಲ್ಲಿ ನಾನು ಸೆರಗನ್ನು ಕೆನ್ನೆಗೆ ಸುತ್ತಿಕೊಂಡು ಕೂತಿದ್ದೆ. ನಮ್ಮ ಶಾಲೆಯ ಹಿರಿಯ ಟೀಚರ್ ಒಬ್ಬರು ಬಂದು ಎದುರು ಕೂತರು. "ಟೀಚರೇ, ನನ್ನ ಅಮ್ಮನೂ ಹೀಗೇ ಕೂರುತ್ತಿದ್ದರು. ಎಡಗಡೆಯ ಹಲ್ಲು ಒಂದೂ ಉಳಿಯಲಿಲ್ಲ, ನೋವು ಮಾತ್ರ ಉಳಿಯಿತು. ಅದು ಹಲ್ಲಿನದಲ್ಲ, ನರದ್ದು. ನೀವು ಮೊದಲು ನರದ ಡಾಕ್ಟರಿಗೆ ತೋರಿಸಿ" ಅಂದರು. ಅವರು ಅವತ್ತು ಹಾಗೆ ಹೇಳದಿದ್ದರೆ ಮೂರನೆಯ ಹಲ್ಲೂ ಹೋಗುತ್ತಿತ್ತು.

ಪರೇಲ್‌ನ ಕೆಇಎಂ ಆಸ್ಪತ್ರೆಗೆ ಹೋದೆ. ಬೆಳಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಬೇಕು, ಸಾಲಿನಲ್ಲಿ ನಿಲ್ಲುವ ತಾಳ್ಮೆ ಬೇಕು. ನ್ಯೂರಾಲಜಿ ವಿಭಾಗದ ಡಾಕ್ಟರ್ ಎಲ್ಲಿ ನೋಯುತ್ತದೆ ತೋರಿಸಿ ಅಂದರು. ನಾನು ಬೆರಳನ್ನು ಕೆನ್ನೆಯಿಂದ ಒಂದು ಇಂಚು ದೂರದಲ್ಲೇ ಹಿಡಿದು ತೋರಿಸಿದೆ, ಮುಟ್ಟಲಿಲ್ಲ. ಹಲ್ಲುನೋವಿನವರು ಕೆನ್ನೆಯನ್ನು ಒತ್ತಿ ಹಿಡಿದುಕೊಂಡು ಬರುತ್ತಾರೆ, ಈ ನೋವಿನವರು ಮುಟ್ಟುವುದೇ ಇಲ್ಲ ಅಂದರು. ಆಮೇಲೆ ಕೇಳಿದರು, ಒಂದು ಸಲ ಬಂದರೆ ಎಷ್ಟು ಸೆಕೆಂಡ್ ಇರುತ್ತದೆ? ಆರು ತಿಂಗಳಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ.

ಕಾಯಿಲೆಯ ಹೆಸರು ಟ್ರೈಜೆಮಿನಲ್ ನ್ಯೂರಾಲ್ಜಿಯಾ. ಮೆದುಳಿನಿಂದ ಹೊರಡುವ 12 ಜೋಡಿ ನರಗಳಲ್ಲಿ ಐದನೆಯದು ಮುಖಕ್ಕೆ ಬರುತ್ತದೆ. ಅದಕ್ಕೆ ಮೂರು ಕವಲು: ಹಣೆಗೊಂದು, ಮೇಲಿನ ದವಡೆಗೊಂದು, ಕೆಳಗಿನ ದವಡೆಗೊಂದು. ಹೆಚ್ಚಿನವರಲ್ಲಿ ಆ ನರದ ಬುಡಕ್ಕೆ ಒಂದು ರಕ್ತನಾಳ ಒತ್ತಿಕೊಂಡು, ನರದ ಮೇಲಿನ ಹೊದಿಕೆ ಸವೆದಿರುತ್ತದೆ. ಆಗ ಬರೀ ಗಾಳಿ ತಾಗಿದ್ದೂ ಮೆದುಳಿಗೆ ಭಯಂಕರ ನೋವಾಗಿ ಮುಟ್ಟುತ್ತದೆ. 50 ದಾಟಿದವರಲ್ಲಿ ಜಾಸ್ತಿ, ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಎಂಆರ್‌ಐಯಲ್ಲಿ ನನಗೂ ರಕ್ತನಾಳ ಒತ್ತಿದ್ದು ಕಂಡಿತು. ಚಿಕ್ಕ ವಯಸ್ಸಿನವರಿಗೆ ಬಂದರೆ, ಎರಡೂ ಕಡೆ ಬಂದರೆ, ಮುಖದಲ್ಲಿ ಸ್ಪರ್ಶವೇ ಗೊತ್ತಾಗದಿದ್ದರೆ, ಗಡ್ಡೆಯೋ ಬೇರೆ ಕಾಯಿಲೆಯೋ ಅಂತ ತಪ್ಪದೆ ನೋಡಬೇಕಾಗುತ್ತದೆ.

ರೂಟ್ ಕೆನಾಲ್‌ನಿಂದಲೇ ಇದು ಬಂತಾ ಅಂತ ಕೇಳಿದೆ. ನಿಮಗೆ ಹಾಗಲ್ಲ, ಎರಡೂ ಹಿಂದೆಮುಂದೆ ಆಗಿವೆ ಅಂದರು. ಆದರೆ ಹಲ್ಲಿನ ಕೆಲಸದಿಂದಲೇ ನರಕ್ಕೆ ಪೆಟ್ಟಾಗುವುದೂ ಉಂಟಂತೆ. ಅದರ ಲಕ್ಷಣ ಬೇರೆ. ಸೆಕೆಂಡಿನ ಹೊಡೆತದ ಬದಲು ದಿನವಿಡೀ ಉರಿ, ಜೊತೆಗೆ ತುಟಿಯೋ ಗಲ್ಲವೋ ಜೋಮು ಹಿಡಿದ ಹಾಗೆ. ಕೆಳಗಿನ ದವಡೆಗೆ ಇಂಪ್ಲಾಂಟ್ (ಕೃತಕ ಹಲ್ಲಿಗಾಗಿ ಮೂಳೆಯಲ್ಲಿ ಕೂರಿಸುವ ತಿರುಪು) ಹಾಕಿಸಿದ ಮೇಲೋ ಬುದ್ಧಿ ಹಲ್ಲು ತೆಗೆಸಿದ ಮೇಲೋ, ಇಂಜೆಕ್ಷನ್ ಇಳಿಯುವ ಹೊತ್ತು ಕಳೆದರೂ ತುಟಿ ಜೋಮಾಗಿಯೇ ಇದ್ದರೆ ಅದೇ ದಿನ ಆ ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿ. ಇಂಪ್ಲಾಂಟ್ ನರವನ್ನು ಒತ್ತುತ್ತಿದ್ದರೆ ಒಂದೂವರೆ ದಿನದೊಳಗೆ ತೆಗೆದರೆ ನರ ಚೇತರಿಸಿಕೊಳ್ಳುವ ಸಾಧ್ಯತೆ ಜಾಸ್ತಿ. ಸುಮ್ನೆ ಕಾಯಿರಿ, ಸರಿಹೋಗುತ್ತದೆ ಅಂದರೆ ಕೇಳಬೇಡಿ. ಇನ್ನು ಹಲ್ಲು ಕಿತ್ತ ಎರಡು-ಮೂರು ದಿನಕ್ಕೆ ಆ ಗುಂಡಿಯಲ್ಲೇ ಜೋರು ನೋವು, ಬಾಯಿ ವಾಸನೆ ಬಂದರೆ ಹೆದರಬೇಡಿ. ಅಲ್ಲಿ ಕಟ್ಟಿದ ರಕ್ತದ ಗಡ್ಡೆ ಕಳಚಿಹೋಗಿರುತ್ತದೆ. ಅದನ್ನು ಹಲ್ಲಿನ ಡಾಕ್ಟರೇ ತೊಳೆದು ಔಷಧಿ ತುಂಬಿ ಸರಿಮಾಡುತ್ತಾರೆ.

ನನಗೆ ಕಾರ್ಬಮಜೆಪಿನ್ 100 ಮಿಲಿಗ್ರಾಂ ದಿನಕ್ಕೆ ಎರಡು ಸಲದಂತೆ ಶುರು ಮಾಡಿದರು. ಇದು ಫಿಟ್ಸ್‌ಗೂ ಕೊಡುವ ಮಾತ್ರೆ, ನೋಡಿ ಗಾಬರಿಯಾಗಬೇಡಿ. ಮೂರನೇ ದಿನ ಮುಖಕ್ಕೆ ನೀರು ಎರಚಿಕೊಂಡೆ. ಏನೂ ಆಗಲಿಲ್ಲ. ಬಚ್ಚಲಲ್ಲೇ ನಿಂತು ಅತ್ತೆ.

ಇದು ಹಗುರವಾದ ಮಾತ್ರೆಯೂ ಅಲ್ಲ. ಮೊದಲ ಎರಡು ವಾರ ತಲೆ ತಿರುಗುತ್ತಿತ್ತು, ಪ್ಲಾಟ್‌ಫಾರ್ಮಿನಲ್ಲಿ ಇವರು ಕೈ ಹಿಡಿದು ಹತ್ತಿಸುತ್ತಿದ್ದರು. ರಕ್ತದಲ್ಲಿ ಸೋಡಿಯಂ ಇಳಿಯಬಹುದು, ಹಾಗಾಗಿ ಆಗಾಗ ರಕ್ತ ಪರೀಕ್ಷೆ ಬೇಕು. ಕೆಲವರಿಗೆ ಮೈಮೇಲೆ ಗುಳ್ಳೆ ಎದ್ದು ಚರ್ಮ ಸುಲಿಯುವಷ್ಟು ಅಪಾಯವಾಗಬಹುದು. ಹುಟ್ಟಿನಿಂದ ಬರುವ ಒಂದು ಗುಣ ಇದ್ದವರಿಗೆ ಆ ಅಪಾಯ ಜಾಸ್ತಿ, ಅದು ಏಷ್ಯಾದ ಜನರಲ್ಲಿ ಹೆಚ್ಚಾಗಿ ಕಾಣುತ್ತದೆ. ಅದನ್ನು ಮೊದಲೇ ತಿಳಿಯುವ ರಕ್ತ ಪರೀಕ್ಷೆ ಇದೆ, ಡಾಕ್ಟರನ್ನು ಕೇಳಿ. ಮಾತ್ರೆ ಶುರುವಾದ ಮೇಲೆ ದದ್ದು, ಬಾಯಿಹುಣ್ಣು, ಜ್ವರ ಕಂಡರೆ ಆವತ್ತೇ ಆಸ್ಪತ್ರೆಗೆ ಓಡಿ. ಇದನ್ನೆಲ್ಲ ಓದಿ ನೀವೇ ಮೆಡಿಕಲ್‌ನಿಂದ ತಂದು ನುಂಗಬೇಡಿ. ಮಾತ್ರೆ ಸಾಲದೆ ಹೋದರೆ ಕಿವಿಯ ಹಿಂದೆ ತೆರೆದು ರಕ್ತನಾಳಕ್ಕೂ ನರಕ್ಕೂ ನಡುವೆ ಸಣ್ಣ ಮೆತ್ತೆ ಇಡುವ ಆಪರೇಷನ್ ಇದೆ. ನನಗೆ ಸದ್ಯ ಅದು ಬೇಡ ಅಂದಿದ್ದಾರೆ.

ನೋವು ಇದ್ದವರು ನಾಲ್ಕು ದಿನ ಒಂದು ಪುಸ್ತಕದಲ್ಲಿ ಬರೆದಿಡಿ: ಎಷ್ಟು ಸೆಕೆಂಡ್, ಏನು ತಾಗಿದಾಗ, ನಿದ್ದೆಯಲ್ಲಿ ಎಬ್ಬಿಸುತ್ತದಾ. ಬಿಸಿಗೆ ತಣ್ಣಗಿನದಕ್ಕೆ ಶುರುವಾಗಿ ತುಂಬ ಹೊತ್ತು ಉಳಿದರೆ, ರಾತ್ರಿ ಎಬ್ಬಿಸಿದರೆ, ಹಲ್ಲು ತಟ್ಟಿದಾಗ ನೋವಾದರೆ ಹಲ್ಲಿನದಿರಬಹುದು. ಮುಟ್ಟಿದರೆ ಮಿಂಚು, ಬಿಟ್ಟರೆ ಏನೂ ಇಲ್ಲ ಅಂತಾದರೆ ನ್ಯೂರಾಲಜಿಸ್ಟ್ ಹತ್ತಿರ ಹೋಗಿ. ಹಲ್ಲಿನ ಬಗ್ಗೆಯೇ ಅನುಮಾನ ಇದ್ದರೆ ಮುಂಬಯಿ ಸೆಂಟ್ರಲ್ ಹತ್ತಿರದ ನಾಯರ್ ಡೆಂಟಲ್ ಕಾಲೇಜಿನಲ್ಲೋ ಸಿಎಸ್‌ಎಂಟಿ ರೈಲ್ವೆ ಸ್ಟೇಷನ್ ಹತ್ತಿರದ ಸರಕಾರಿ ಡೆಂಟಲ್ ಕಾಲೇಜಿನಲ್ಲೋ ಎರಡನೇ ಅಭಿಪ್ರಾಯ ಕೇಳಿ. ಹಳೆಯ ಎಕ್ಸ್‌ರೇಗಳನ್ನು ಕ್ಲಿನಿಕ್‌ನಿಂದ ಕೇಳಿ ಪಡೆದುಕೊಳ್ಳಿ. ನಾನು ಕೇಳಿರಲಿಲ್ಲ, ಆಮೇಲೆ ಅದಕ್ಕಾಗಿ ಮೂರು ಸಲ ಅಲೆದೆ.

ಮಾತ್ರೆಯನ್ನು ತಟ್ಟನೆ ನಿಲ್ಲಿಸುವ ಹಾಗೂ ಇಲ್ಲ. ಈ ಮೇ ರಜೆಯಲ್ಲಿ ಥಾಣೆಯಿಂದ ಮತ್ಸ್ಯಗಂಧ ಹತ್ತಿ ಕುಂದಾಪುರಕ್ಕೆ ಹೊರಟೆವು. ರೈಲು ಪನ್ವೇಲ್ ದಾಟಿದ ಮೇಲೆ ನೆನಪಾಯಿತು, ಮಾತ್ರೆಯ ಡಬ್ಬಿ ಫ್ರಿಜ್ ಮೇಲೆಯೇ ಉಳಿದಿದೆ. ರಾತ್ರಿಯದು ತಪ್ಪಿತು, ಬೆಳಗಿನದೂ ತಪ್ಪಿತು. ಮನೆ ತಲುಪಿ ಅತ್ತೆ ಕೊಟ್ಟ ಕಾಫಿಯ ಲೋಟ ತುಟಿಗೆ ತಾಗಿತು, ಅದೇ ಹಳೆಯ ಹೊಡೆತ. ಚೀಟಿಯ ಫೋಟೋ ಫೋನಿನಲ್ಲಿ ಇದ್ದದ್ದರಿಂದ ಪೇಟೆಯಲ್ಲಿ ಮಾತ್ರೆ ಸಿಕ್ಕಿತು. ಈಗ ಒಂದು ಸ್ಟ್ರಿಪ್ ಪರ್ಸಿನಲ್ಲಿ ಇರುತ್ತದೆ, ಇನ್ನೊಂದು ಶಾಲೆಯ ಕಪಾಟಿನಲ್ಲಿ, ಸೀಮೆಸುಣ್ಣದ ಡಬ್ಬಿಯ ಪಕ್ಕ.