8085 ಅಸೆಂಬ್ಲಿಗೆ ಎಡಿಟರ್ ಪ್ಲಗಿನ್: ನಾಲ್ಕು ದಾರಿ ನೋಡಿದೆ, ನನ್ನ ಓಟು ವಿಎಸ್ ಕೋಡ್‌ಗೆ

ಚಿಕ್ಕಮಗಳೂರಿನಲ್ಲಿ ಡಿಪ್ಲೊಮಾ ಹುಡುಗರಿಗೆ ಸಂಜೆ ಹೊತ್ತು ಮೈಕ್ರೊಪ್ರೊಸೆಸರ್ ಹೇಳಿಕೊಡುತ್ತೇನೆ. ಅದಕ್ಕೆಂದೇ ಹಾಸನದ ಪರಿಚಯದವರೊಬ್ಬರಿಂದ ಇಂಟೆಲ್‌ನ 8085 ಚಿಪ್ ಇರುವ ಸೆಕೆಂಡ್ ಹ್ಯಾಂಡ್ ಕಿಟ್ ಒಂದನ್ನು ಕೊಂಡೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ, ಚೆನ್ನಾಗಿ ಓಡುತ್ತಿದೆ. ಆದರೆ ಅದರಲ್ಲಿ ಇರುವುದು ಹೆಕ್ಸ್ ಕೀಪ್ಯಾಡ್ ಮಾತ್ರ. ಪ್ರೋಗ್ರಾಂ ಬರೆದು, ಒಂದೊಂದು ಇನ್‌ಸ್ಟ್ರಕ್ಷನ್‌ಗೂ ಚಾರ್ಟ್ ನೋಡಿ ಆಪ್‌ಕೋಡ್ (ಚಿಪ್‌ಗೆ ತಿಳಿಯುವ ಸಂಕೇತ ಸಂಖ್ಯೆ) ಹುಡುಕಿ, ಕೀಲಿ ಒತ್ತುತ್ತಾ ಕೂರಬೇಕು. ಎಸ್‌ಟಿಎ 8050ಎಚ್ ಎಂಬುದನ್ನು 32 50 80 ಎಂದು ವಿಳಾಸ ತಿರುಗಿಸಿ ಹಾಕಬೇಕು ಅನ್ನುವುದು ಹುಡುಗರಿಗೆ ಪರೀಕ್ಷೆಯಲ್ಲಿ ಗೊತ್ತಿರುತ್ತದೆ, ಕಿಟ್ ಮುಂದೆ ಮರೆಯುತ್ತದೆ.

ಹಾಗಾಗಿ ಎಡಿಟರ್ ಪ್ಲಗಿನ್‌ನಿಂದ ನನಗೆ ಬೇಕಿದ್ದದ್ದು ಕೋಡಿನ ಪದಗಳಿಗೆ ಬರೀ ಬಣ್ಣವಲ್ಲ. ಎಂವಿಐ ಎ, 05ಎಚ್ ಎಂಬ ಸಾಲಿನ ಮೇಲೆ ಮೌಸ್ ಇಟ್ಟರೆ "3ಇ 05, ಎರಡು ಬೈಟ್, 7 ಟಿ-ಸ್ಟೇಟ್" ಎಂದು ಕಾಣಬೇಕು (ಟಿ-ಸ್ಟೇಟ್ ಅಂದರೆ ಚಿಪ್‌ನ ಗಡಿಯಾರದ ಒಂದು ಮಿಡಿತ). ಡಿಲೇ ಲೂಪ್ ಲೆಕ್ಕ ಹಾಕುವಾಗ ಒಂದು ಕಳೆಯುವ ಡಿಸಿಆರ್‌ಗೆ 4, ಸೊನ್ನೆಯಾಗದಿದ್ದರೆ ಬೇರೆಡೆಗೆ ಹಾರುವ ಜೆಎನ್‌ಝಡ್ ಹಾರಿದರೆ 10, ಹಾರದಿದ್ದರೆ 7 ಎಂಬುದು ಅಲ್ಲೇ ಸಿಗಬೇಕು. ಇದನ್ನು ಸಲೀಸಾಗಿ ಕೊಟ್ಟದ್ದು ವಿಎಸ್ ಕೋಡ್ ಎಡಿಟರ್. ಉಳಿದವು ಯಾಕೆ ಹಿಂದೆ ಬಿದ್ದವು ಅಂದರೆ ಅದಕ್ಕೂ ಕಾರಣಗಳಿವೆ.

ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಕೋಡ್ ಬರೆಯುವ ಕೆಲಸವೇ ಇಲ್ಲ. ಯೂಸರ್ ಡಿಫೈನ್ಡ್ ಲ್ಯಾಂಗ್ವೇಜ್ ಡಬ್ಬಿ ತೆರೆದು ನಿಮೋನಿಕ್‌ಗಳ (ಎಂವಿಐ, ಎಸ್‌ಟಿಎ ಥರದ ಇನ್‌ಸ್ಟ್ರಕ್ಷನ್ ಹೆಸರುಗಳ) ಪಟ್ಟಿ ತುಂಬಿದರೆ ಬಣ್ಣ ಬಂತು. ಎಕ್ಸ್‌ಎಂಎಲ್ ಫೈಲ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದರೆ ಹುಡುಗರೇ ಹಾಕಿಕೊಳ್ಳುತ್ತಾರೆ. ಆದರೆ ಅಲ್ಲಿ ರೆಜೆಕ್ಸ್ (ಅಕ್ಷರಗಳ ಮಾದರಿ ಹೇಳಿ ಹುಡುಕುವ ಸೂತ್ರ) ನಡೆಯುವುದಿಲ್ಲ, ನನ್ನ ಆಪ್‌ಕೋಡ್ ಪೆಟ್ಟಿಗೆಯೂ ಬರುವುದಿಲ್ಲ.

ವಿಮ್ ನನಗಿಷ್ಟ. ಬಣ್ಣದ ನಿಯಮಗಳ ಸಿಂಟ್ಯಾಕ್ಸ್ ಫೈಲ್ ಒಂದು ಪುಟ ಮುಟ್ಟಲಿಲ್ಲ. ಝಡ್80, 6502 ಚಿಪ್‌ಗಳಿಗೆ ಅದರ ಜೊತೆಗೇ ಸಿದ್ಧ ಫೈಲ್‌ಗಳು ಬರುತ್ತವೆ, ನೋಡಿ ಕಲಿಯಬಹುದು. ಒಬ್ಬನೇ ಬಳಸುವುದಾದರೆ ಇದೇ ಸಾಕಿತ್ತು. ಹುಡುಗರ ಕೈಗೆ ಕೊಟ್ಟರೆ ಮೊದಲ ವಾರವೆಲ್ಲ ವಿಮ್‌ನಿಂದ ಹೊರಬರುವುದನ್ನೇ ಕಲಿಸಬೇಕು. ಸಬ್ಲೈಮ್ ಎಡಿಟರ್‌ನ ಲೈಸೆನ್ಸ್ 99 ಡಾಲರ್. ಟ್ಯೂಷನ್ ಫೀಸಿನಲ್ಲಿ ಆ ಮಾತು ಬೇಡ.

ಕೋಡನ್ನು ವ್ಯಾಕರಣದ ಪ್ರಕಾರ ಬಿಡಿಸಿ ಓದುವ ಟ್ರೀ-ಸಿಟ್ಟರ್ ಬಗ್ಗೆ ಬಹಳ ಆಸೆ ಇಟ್ಟುಕೊಂಡಿದ್ದೆ. ನಿಯೋವಿಮ್, ಝೆಡ್, ಹೀಲಿಕ್ಸ್ ಎಡಿಟರ್‌ಗಳೆಲ್ಲ ಅದನ್ನೇ ಬಳಸುತ್ತವೆ. ವ್ಯಾಕರಣವನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಬರೆದರೆ ಅದು ಸಿ ಭಾಷೆಯ ಪಾರ್ಸರ್ ಹೆರುತ್ತದೆ. ಅಂದರೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್ ಬೇಕು, ಸಿ ಕಂಪೈಲರ್ ಬೇಕು. ನಮ್ಮ ಮನೆ ಆಲ್ದೂರು ಕಡೆ. ಆಷಾಢದ ಮಳೆ ಹಿಡಿದರೆ ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ಟವರ್. ಮೊಬೈಲ್ ಹಾಟ್‌ಸ್ಪಾಟ್ ನಂಬಿ ಇಷ್ಟೆಲ್ಲ ಇಳಿಸುವುದು ನನ್ನ ಕೈಲಾಗದ ಕೆಲಸ; ಪೇಟೆಗೆ ಹೋಗಿ ಮಾಡಿಕೊಂಡು ಬಂದೆ. ಆಮೇಲೆ ಇನ್ನೊಂದು ಕೊಕ್ಕೆ. ಟ್ರೀ-ಸಿಟ್ಟರ್ ತಾನಾಗಿ ಹೊಸ ಸಾಲನ್ನೂ ಖಾಲಿ ಜಾಗವೆಂದೇ ನುಂಗುತ್ತದೆ. ಅಸೆಂಬ್ಲಿಯಲ್ಲಿ ಸಾಲು ಮುಗಿದರೆ ಇನ್‌ಸ್ಟ್ರಕ್ಷನ್ ಮುಗಿಯಿತು, ಹಾಗಾಗಿ ಎಲ್ಲಿ ಬಂದರೂ ಬಿಟ್ಟುಬಿಡಬೇಕಾದವುಗಳ ಎಕ್ಸ್‌ಟ್ರಾಸ್ ಪಟ್ಟಿಯಿಂದ ಹೊಸ ಸಾಲನ್ನು ತೆಗೆದು ನಾವೇ ನಿಭಾಯಿಸಬೇಕು. ಇಷ್ಟು ಮಾಡಿದರೂ ಆ ವ್ಯಾಕರಣವನ್ನು ವಿಎಸ್ ಕೋಡ್ ಎಕ್ಸ್‌ಟೆನ್ಷನ್‌ಗೆ ನೇರ ಸಿಕ್ಕಿಸಲು ಬರುವುದಿಲ್ಲ. ಅಲ್ಲಿ ಬಣ್ಣದ ಕೆಲಸ ಈಗಲೂ ಟೆಕ್ಸ್ಟ್‌ಮೇಟ್ ವ್ಯಾಕರಣದ್ದೇ.

ಆ ಟೆಕ್ಸ್ಟ್‌ಮೇಟ್ ಅಂದರೆ ಒಂದು ಜೇಸನ್ ಫೈಲು, ಅದರ ತುಂಬ ರೆಜೆಕ್ಸ್. ಜೇಸನ್ ಒಳಗೆ ಪ್ರತಿ ಬ್ಯಾಕ್‌ಸ್ಲ್ಯಾಶ್ ಎರಡೆರಡು ಸಲ ಬರೆಯಬೇಕು, ಕಣ್ಣು ನೋಯುತ್ತದೆ. ಅದನ್ನು ಸಹಿಸಬಹುದು. ನನ್ನನ್ನು ನಿಜವಾಗಿ ಕಾಡಿದ್ದು ಒಂದು ಲೇಬಲ್, ಅಂದರೆ ಪ್ರೋಗ್ರಾಂ ಹಾರಬೇಕಾದ ಸಾಲಿಗೆ ಇಡುವ ಹೆಸರು.

"ಸರ್, ಜೆಎನ್‌ಝಡ್ ಈಚ್ ಅಂತ ಬರೆದ್ರೆ ಈಚ್ ಯಾಕೆ ನಂಬರ್ ಬಣ್ಣಕ್ಕೆ ತಿರುಗುತ್ತೆ?" ಅಂತ ಒಬ್ಬ ಹುಡುಗ ಕೇಳಿದ. ನೋಡಿದರೆ ಇಂಗ್ಲಿಷಿನಲ್ಲಿ ಈಚ್ ಬರೆಯುವ ಇ, ಎ, ಸಿ ಮೂರೂ ಹೆಕ್ಸ್ ಅಂಕಿಗಳು, ಕೊನೆಯ ಎಚ್ ಹೆಕ್ಸ್ ಗುರುತು. ನನ್ನ ರೆಜೆಕ್ಸ್‌ಗೆ ಅದು ಅಪ್ಪಟ ಸಂಖ್ಯೆ.

ಇಂಟೆಲ್ ಅಸೆಂಬ್ಲರ್‌ನ ನಿಯಮ ಪಾಲಿಸಿದರೆ ಈ ತಕರಾರೇ ಇಲ್ಲ. ಸಂಖ್ಯೆ ಅಂಕಿಯಿಂದಲೇ ಶುರುವಾಗಬೇಕು; ಎಫ್‌ಎಫ್‌ಎಚ್ ಅಲ್ಲ, 0ಎಫ್‌ಎಫ್‌ಎಚ್. ಅಕ್ಷರದಿಂದ ಶುರುವಾದದ್ದೆಲ್ಲ ಹೆಸರು. ಆದರೆ ನಮ್ಮ ಹುಡುಗರ ಲ್ಯಾಬ್ ರೆಕಾರ್ಡ್ ತೆಗೆದು ನೋಡಿ: ಎಲ್‌ಎಕ್ಸ್‌ಐ ಎಚ್, ಸಿ100ಎಚ್ ಅಂತಲೇ ಇರುತ್ತದೆ, ಮುಂದಿನ ಸೊನ್ನೆ ಯಾರೂ ಹಾಕುವುದಿಲ್ಲ. ಹೆಕ್ಸ್ ಕೀಪ್ಯಾಡ್ ಸೊನ್ನೆ ಕೇಳುವುದೂ ಇಲ್ಲ. ನಿಯಮವನ್ನೇ ಹಿಡಿದು ಕೂತರೆ ರೆಕಾರ್ಡಿನ ಅರ್ಧ ವಿಳಾಸಗಳು ಲೇಬಲ್ ಬಣ್ಣಕ್ಕೆ ಹೋಗುತ್ತವೆ, ಸಡಿಲ ಬಿಟ್ಟರೆ ಈಚ್ ಸಂಖ್ಯೆಯಾಗುತ್ತದೆ. (ಎಡಿಡಿ, ಎಡಿಸಿ, ಡಿಎಎ, ಡಿಎಡಿ ಇವೂ ಪೂರ್ತಿ ಹೆಕ್ಸ್ ಅಕ್ಷರಗಳೇ. ಕೊನೆಗೆ ಎಚ್ ಇಲ್ಲದ್ದರಿಂದ ಬಚಾವ್.)

ಇದನ್ನು ತೀರ್ಮಾನಿಸಲು ಫೈಲಿನಲ್ಲಿ ಬೇರೆಲ್ಲಾದರೂ "ಈಚ್:" ಎಂದು ಕೋಲನ್ ಹಾಕಿ ಬರೆದಿದೆಯೇ ಅಂತ ನೋಡಬೇಕು. ಟೆಕ್ಸ್ಟ್‌ಮೇಟ್ ರೆಜೆಕ್ಸ್ ಒಂದು ಸಲಕ್ಕೆ ಒಂದೇ ಸಾಲು ನೋಡುತ್ತದೆ, ಕೆಳಗೆ ಏನಿದೆಯೆಂದು ಅದಕ್ಕೆ ತಿಳಿಯದು. ಪೂರ್ತಿ ಲ್ಯಾಂಗ್ವೇಜ್ ಸರ್ವರ್ (ಕೋಡನ್ನು ಅರ್ಥ ಮಾಡಿಕೊಂಡು ಎಡಿಟರ್‌ಗೆ ಹೇಳುವ ಬೇರೆ ಪ್ರೋಗ್ರಾಂ) ಬರೆಯುವ ಯೋಚನೆ ಬಂತು. ನೆಟ್ಟಗೆ ಎಣಿಸಿದರೆ 246 ಆಪ್‌ಕೋಡ್ ಇರುವ ಭಾಷೆಗೆ ಬೇರೆ ಪ್ರೋಸೆಸ್, ಬೇರೆ ಪ್ರೋಟೊಕಾಲ್ ಅಂದರೆ ಇಲಿ ಹಿಡಿಯಲು ಗುಡ್ಡ ಅಗೆದಂತೆ. ಅದರ ಬದಲು ಎಕ್ಸ್‌ಟೆನ್ಷನ್ ಒಳಗೇ ಸಿಮ್ಯಾಂಟಿಕ್ ಟೋಕನ್ ಪ್ರೊವೈಡರ್ (ಅರ್ಥ ನೋಡಿ ಬಣ್ಣ ಹೇಳುವ ಭಾಗ) ಕೂರಿಸಬಹುದು. ಅದು ಇಡೀ ಫೈಲ್ ಓದಿ ಕೋಲನ್ ಇರುವ ಹೆಸರುಗಳನ್ನು ಗುಡ್ಡೆ ಹಾಕಿಕೊಂಡು, ಅವು ಬಂದಲ್ಲೆಲ್ಲ ಟೆಕ್ಸ್ಟ್‌ಮೇಟ್ ಬಣ್ಣದ ಮೇಲೆ ತನ್ನ ಬಣ್ಣ ಬಳಿಯುತ್ತದೆ. ಫೈಲ್ ತೆರೆದಾಗ ಈಚ್ ಒಂದು ಗಳಿಗೆ ಸಂಖ್ಯೆಯಾಗಿ ಕಂಡು ಆಮೇಲೆ ಲೇಬಲ್ ಆಗುತ್ತದೆ. ಪರವಾಗಿಲ್ಲ.

ಇಲ್ಲೂ ಒಂದು ಗುಟ್ಟಿದೆ. ಕೆಲವು ಥೀಮ್‌ಗಳಲ್ಲಿ ಸಿಮ್ಯಾಂಟಿಕ್ ಬಣ್ಣ ಆಫ್ ಆಗಿರುತ್ತದೆ, ನಮ್ಮ ಕೋಡ್ ಸರಿಯಿದ್ದರೂ ಏನೂ ಕಾಣುವುದಿಲ್ಲ. ಎಕ್ಸ್‌ಟೆನ್ಷನ್‌ನ ವಿವರ ಇರುವ ಪ್ಯಾಕೇಜ್ ಜೇಸನ್ ಫೈಲಿನಲ್ಲಿ ಕಾನ್ಫಿಗರೇಶನ್ ಡಿಫಾಲ್ಟ್ಸ್ ಅಡಿ ಈ ಭಾಷೆಗೆ ಮಾತ್ರ ಅದನ್ನು ಆನ್ ಮಾಡಿಟ್ಟರೆ ಹುಡುಗರು ಯಾವ ಥೀಮ್ ಹಾಕಿಕೊಂಡರೂ ನಡೆಯುತ್ತದೆ.

ಮೌಸ್ ಇಟ್ಟಾಗ ಆಪ್‌ಕೋಡ್ ತೋರಿಸುವ ಹೋವರ್ ಬರೆಯುವುದು ಇದರ ಮುಂದೆ ಏನೂ ಅಲ್ಲ. ಒಂದು ಟೇಬಲ್, ಒಂದು ಫಂಕ್ಷನ್, ಅಷ್ಟೇ.

ಹಂಚುವುದಕ್ಕೆ ಪ್ಲಗಿನ್ನನ್ನು ವಿಎಸ್‌ಐಎಕ್ಸ್ ಎಂಬ ಒಂದೇ ಫೈಲ್ ಮಾಡಿ ಪೆನ್‌ಡ್ರೈವ್‌ನಲ್ಲಿ ಒಯ್ಯುತ್ತೇನೆ, ನೆಟ್ ಬೇಡ. ಹಳೆ ಕಂಪ್ಯೂಟರ್ ಇರುವವರು ಒಂದು ಗಮನಿಸಿ: ವಿಂಡೋಸ್ 7ರಲ್ಲಿ ಓಡುವ ಕೊನೆಯ ವಿಎಸ್ ಕೋಡ್ 1.70.3. ಪ್ಯಾಕೇಜ್ ಜೇಸನ್‌ನಲ್ಲಿ ಎಂಜಿನ್ ಆವೃತ್ತಿಯನ್ನು (ಬೇಕಾದ ಕನಿಷ್ಠ ವಿಎಸ್ ಕೋಡ್) ಅದಕ್ಕಿಂತ ಮೇಲೆ ಬರೆದರೆ ಅಂಥ ಯಂತ್ರದಲ್ಲಿ ಪ್ಲಗಿನ್ ಹತ್ತುವುದೇ ಇಲ್ಲ. ಎರಡು ಜಿಬಿ ರ‍್ಯಾಮಿನ ಯಂತ್ರವಾದರೆ ವಿಎಸ್ ಕೋಡ್ ತೆರೆದು ಕಾಯುತ್ತಾ ಕೂರಬೇಡಿ, ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಹಾಕಿ, ಆಪ್‌ಕೋಡ್ ಚಾರ್ಟಿನ ಜೆರಾಕ್ಸ್ ಪಕ್ಕದಲ್ಲಿಡಿ.

ಝಡ್80ಕ್ಕೆ ಮಾಡಹೊರಟವರಿಗೆ ಈಚ್ ಜೊತೆಗೆ ಇನ್ನೊಂದು ಕಾಟ ಕಾದಿದೆ. ಅಲ್ಲಿ ಇಎಕ್ಸ್ ಎಎಫ್, ಎಎಫ್' ಎಂಬ ಇನ್‌ಸ್ಟ್ರಕ್ಷನ್ ಇದೆ, ಕೊನೆಯ ಆ ಒಂಟಿ ಉದ್ಧರಣ ಚಿಹ್ನೆಯನ್ನು ವ್ಯಾಕರಣ ಸ್ಟ್ರಿಂಗ್‌ನ ಆರಂಭ ಅಂದುಕೊಂಡರೆ ಮುಂದಿನ ಸಾಲುಗಳೆಲ್ಲ ಸ್ಟ್ರಿಂಗ್ ಬಣ್ಣವಾಗಿ ಹರಿದುಹೋಗುತ್ತವೆ. ಎಎಫ್' ಹಿಡಿಯುವ ನಿಯಮವನ್ನು ಸ್ಟ್ರಿಂಗ್ ನಿಯಮಕ್ಕಿಂತ ಮೇಲೆ ಬರೆಯಿರಿ.